ಬಿಳಿ ಚುಕ್ಕೆಯವಳು ಸುಮ್ಮನಾದ ಮೇಲೆ

...ಅಥವಾ ಅದು ಗುರುವಾರ ಆಗಿರಲೇ ಇಲ್ಲವೇನೋ. ಲೋಬಾನದ ಹೊಗೆ ನೆನಪಿದೆ. ಆ ಮನೆಯಲ್ಲಿ ಹೊಗೆ ಹಾಕುತ್ತಿದ್ದದ್ದು ಗುರುವಾರ ಸಂಜೆ ಮಾತ್ರ, ಆದ್ದರಿಂದ ಗುರುವಾರ ಎಂದು ನಾನೇ ಆಮೇಲೆ ತೀರ್ಮಾನಿಸಿಕೊಂಡಿದ್ದೇನೆ. ಆದರೆ ಅದೇ ಹೊಗೆಯ ಆಚೆ ಆ ಮನೆಯ ಹಿರಿಯ ಮಗ ಪಡಸಾಲೆಯ ಕಟ್ಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಾನೆ. ಆ ಗುರುವಾರ ಆತ ಹೈದರಾಬಾದಿನಲ್ಲಿದ್ದ. ಅಂದರೆ ನನ್ನ ತಲೆ ಎರಡು ದಿನಗಳನ್ನು ಒಂದಕ್ಕೊಂದು ಹೊಲಿದುಬಿಟ್ಟಿದೆ. ಹೊಲಿಗೆ ಬಿಚ್ಚಲು ಹೋದರೆ ಬಟ್ಟೆಯೇ ಹರಿಯುತ್ತದೆ.

ಆ ಪಡಸಾಲೆಯಲ್ಲಿ ಕೂತು ನಾನು ಬರೆದುಕೊಂಡ ಹಾಳೆಗಳು ಇವತ್ತಿಗೂ ಇವೆ. ಯಾವ ಕಡಜ ಯಾವುದನ್ನು ಕಚ್ಚಿತು, ಯಾವುದು ಹುಳ ಹಿಡಿದು ತಂದಿತು, ಯಾವುದು ಮರಿಗೆ ಉಣಿಸಿತು, ಎಲ್ಲ ಅವುಗಳಲ್ಲಿ ಇದೆ. ಮನೆಯ ಮನುಷ್ಯರ ಬಗ್ಗೆ ಒಂದಕ್ಷರವೂ ಇಲ್ಲ. ಅದು ನನ್ನ ಕೆಲಸವಾಗಿರಲಿಲ್ಲ. ಹಾಗಾಗಿ ಹುಳಗಳ ವಿಷಯದಲ್ಲಿ ನಾನು ಹೇಳುವುದನ್ನು ನಂಬಬಹುದು. ಮಿಕ್ಕಿದ್ದನ್ನು ಸ್ವಲ್ಪ ಜರಡಿ ಹಿಡಿದು ತೆಗೆದುಕೊಳ್ಳಬೇಕು.

ನಾನು ಆಗ ರಾಯಚೂರಿನ ಒಂದು ಪ್ರಯೋಗಾಲಯದಲ್ಲಿ ಯೋಜನಾ ಸಹಾಯಕಿ. ನಮ್ಮ ಪ್ರಶ್ನೆ ಕೇಳಲು ಸರಳವಾಗಿತ್ತು. ಕಡಜದ ಒಂದು ಗೂಡಿನಲ್ಲಿರುವವರೆಲ್ಲ ಹೆಚ್ಚುಕಡಿಮೆ ಅಕ್ಕತಂಗಿಯರು. ನೋಡಲು ಒಂದೇ ತರಹ. ಆದರೂ ಒಬ್ಬಳು ಮಾತ್ರ ಮೊಟ್ಟೆ ಇಡುತ್ತಾಳೆ, ಉಳಿದವರು ದುಡಿಯುತ್ತಾರೆ. ಮೊಟ್ಟೆ ಇಡುವವಳನ್ನು ತೆಗೆದರೆ ಅರ್ಧ ತಾಸಿನೊಳಗೆ ದುಡಿಯುವವರಲ್ಲೇ ಒಬ್ಬಳು ಏಳುತ್ತಾಳೆ. ಅದುವರೆಗೆ ಸಾಧುವಾಗಿದ್ದವಳು ಎಲ್ಲರ ಮೇಲೆ ಬೀಳುತ್ತಾಳೆ, ಕಚ್ಚುತ್ತಾಳೆ, ಅಟ್ಟಿಸಿಕೊಂಡು ಹೋಗುತ್ತಾಳೆ. ದಿನ ಕಳೆದಂತೆ ಕೋಪ ಇಳಿಯುತ್ತದೆ, ಆಕೆಯೇ ಹೊಸ ರಾಣಿಯಾಗುತ್ತಾಳೆ. ಯಾರು ಏಳುತ್ತಾಳೆಂದು ಮೊದಲೇ ಹೇಳಲು ನಮಗೆ ಬರುತ್ತಿರಲಿಲ್ಲ. ಎದ್ದವಳ ಮಿದುಳಿನ ಕೋಶಗಳಲ್ಲಿ ಆ ಹೊತ್ತಿಗೆ ಯಾವ ಜೀನ್‌ಗಳು ಚುರುಕಾಗಿವೆ, ಯಾವುವು ಮಂಕಾಗಿವೆ ಎಂದು ನೋಡುವುದು ನಮ್ಮ ಯೋಜನೆ.

ಗೂಡು ಸಿಕ್ಕಿದ್ದು ಮಾನ್ವಿಯಲ್ಲಿ, ಒಂದು ಬಳೆ ವ್ಯಾಪಾರಿ ಕುಟುಂಬದ ಪಡಸಾಲೆಯಲ್ಲಿ, ತಗಡಿನ ಕೆಳಗೆ, ಕಲ್ಲಿನ ಕಂಬದ ತಲೆಯ ಹತ್ತಿರ. ಬೆಳಿಗ್ಗೆ ರಾಯಚೂರಿನಿಂದ ಬಸ್ಸು ಹತ್ತಿದರೆ ಕಲ್ಲೂರಿನಲ್ಲಿ ಒಂದಷ್ಟು ಜನ ಇಳಿದ ಮೇಲೆ ಸೀಟು. ಆ ಮನೆಯ ಯಜಮಾನಿಯನ್ನು ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಗಂಡ ಇಲ್ಲ. ಇಬ್ಬರು ಗಂಡುಮಕ್ಕಳು ಅಂಗಡಿ ನೋಡಿಕೊಳ್ಳುತ್ತಿದ್ದರು, ಇಬ್ಬರು ಸೊಸೆಯರು ಮನೆಯಲ್ಲಿ. ಕಿರಿಯ ಸೊಸೆ ದೇವದುರ್ಗದವಳು ಎಂದು ಎರಡನೆಯ ದಿನವೇ ಗೊತ್ತಾಯಿತು. ನಾನೂ ಅಲ್ಲಿಯವಳೇ. ನಮ್ಮ ಮನೆ ಬುದ್ಧನ ಪಟ ಹಾಕಿದ ಕೂಲಿಯವರ ಮನೆ, ಆಕೆಯದು ಬಸ್ ನಿಲ್ದಾಣದ ಹಿಂದಿನ ಓಣಿ. ಊರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಮಾನ್ವಿಯಲ್ಲಿ ಅದೇ ನೆಂಟಸ್ತನವಾಯಿತು.

ಎದ್ದವಳ ತಲೆಯನ್ನು ಕೂಡಲೇ ಹೆಪ್ಪುಗಟ್ಟಿಸಬೇಕು, ಅದಕ್ಕೆ ದ್ರವ ಸಾರಜನಕ ಬೇಕು. ಮಾನ್ವಿಯಲ್ಲಿ ಅದು ಇದ್ದದ್ದು ಪಶು ಆಸ್ಪತ್ರೆಯಲ್ಲಿ, ಎಮ್ಮೆ ಆಕಳುಗಳಿಗೆ ಗಬ್ಬದ ಸೂಜಿ ಹಾಕಲು ಒಯ್ಯುವ ಡಬ್ಬಿಯಲ್ಲಿ. ತಾಲೀಮಿಗೆಂದು ಮೊದಲ ಸಲ ನಾನು ಆ ಡಬ್ಬಿ ಹಿಡಿದು ಬಂದಾಗ ಪಕ್ಕದ ಮನೆಯ ಹೆಂಗಸು ಕೂಗಿದಳು.

"ಖಾಲಾ, ಎಮ್ಮಿ ಡಾಕ್ಟರ್ ಬಂದಾಳ ನೋಡ್ರಿ! ನಿಮ್ಮನ್ಯಾಗ ಯಾವ ಎಮ್ಮಿ ಬೆದಿಗಿ ಬಂದದ?"

ಒಳಗಿನಿಂದ ಖಾಲಾ, "ನನ್ನ ಬಿಟ್ರ ಬ್ಯಾರೆ ಎಮ್ಮಿ ಎಲ್ಲಿ ಅದವ್ವಾ ಈ ಮನ್ಯಾಗ?" ಎಂದರು. ಸೊಸೆಯರಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡರು.

ಕಡಜಗಳ ಬೆನ್ನಿಗೆ ನಾನು ಬಣ್ಣದ ಚುಕ್ಕೆ ಇಟ್ಟಿದ್ದೆ, ಗುರುತಿಗೆ. ಬಣ್ಣ ಇಡುವುದನ್ನು ನೋಡಲು ಸೊಸೆಯರು ಬರುತ್ತಿದ್ದರು. ಬಳೆಯ ಮನೆಯವರು, ಬಣ್ಣ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ನೀಲಿ ಅಂದದ್ದನ್ನು ಅವರು ಗಿಣಿ ಕತ್ತಿನ ಬಣ್ಣ ಅನ್ನುತ್ತಿದ್ದರು.

"ಇದರಾಗ ರಾಣಿ ಯಾವಾಕ್ರಿ?" ಹಿರಿಯ ಸೊಸೆ ಕೇಳಿದಳು.

"ಮೂಲ್ಯಾಗ ಕುಂತಾಳಲ್ಲ, ಹಳದಿ ಚುಕ್ಕಿ."

"ಇಕಿನಾ! ಏನೂ ಮಾಡವಲ್ಲಳು. ನಮ್ಮ ಅಮ್ಮನಂಗ."

"ಕೇಳಸ್ತದ ನನಗ!" ಎಂದು ಒಳಗಿನಿಂದ ಖಾಲಾ.

ಕಿರಿಯವಳಿಗೆ ಬೇರೆ ಪ್ರಶ್ನೆ. "ಅಕ್ಕಾ, ಜೀನ್ ಅಂತೀರಲ್ಲ, ಏನದು?"

ನಾನು ಸುತ್ತ ನೋಡಿದೆ. ಗೋಡೆಗೆ ಒರಗಿಸಿ ಬಳೆಯ ಡಬ್ಬಿಗಳು ಪೇರಿಸಿದ್ದವು. "ನಿಮ್ಮ ಅಂಗಡ್ಯಾಗ ಎಲ್ಲಾ ನಮೂನಿ ಬಳಿ ಅದಾವ. ಎಲ್ಲಾ ಡಬ್ಬಿ ಒಮ್ಮಿಗೇ ತೆಗೀತೀರೇನು? ಇಲ್ಲ. ಹಂಗ ಈ ಹುಳದ ತಲ್ಯಾಗೂ. ರಾಣಿ ತಲ್ಯಾಗೂ ಅವೇ ಡಬ್ಬಿ, ದುಡ್ಯಾಕಿ ತಲ್ಯಾಗೂ ಅವೇ ಡಬ್ಬಿ. ಇವತ್ತು ಯಾವ ಡಬ್ಬಿ ತೆಗದಾಳ, ಯಾವುದು ಮುಚ್ಯಾಳ, ಅದನ್ನ ನೋಡ್ತೀವಿ."

ಆಕೆ ಗೂಡಿನ ಕಡೆ ಕತ್ತೆತ್ತಿದಳು. "ಅಂಗಡ್ಯಾಗ ಗಿರಾಕಿ ಕೇಳಿದ್ರ ತೆಗೀತಾರ. ಅಲ್ಲಿ ಗಿರಾಕಿ ಯಾರು?"

"ಅದನ್ನೇ ಹುಡಕಾಕತ್ತೀವಿ."

"ಮತ್ತ ನೋಡಬೇಕಂದ್ರ ತಲಿ ತೆಗೀಬೇಕು."

"ಹೂಂ."

"ಎಲ್ಲಾರದೂ?"

"ಇಲ್ಲ. ರಾಣಿ ಹೋದಮ್ಯಾಲ ಯಾರು ಏಳ್ತಾಳ, ಆಕಿದು."

"ಎದ್ದಾಕಿದೇ," ಎಂದಳು, ಪ್ರಶ್ನೆಯಂತಲ್ಲ. ಎದ್ದು ಒಳಗೆ ಹೋದಳು. ಈ ಕೊನೆಯ ಮಾತು ನಿಜವಾಗಿಯೂ ಆಡಿದಳೋ, ಆಮೇಲೆ ನಡೆದದ್ದರ ಬೆಳಕಿನಲ್ಲಿ ನಾನು ಆಕೆಯ ಬಾಯಿಗೆ ಇಟ್ಟಿದ್ದೇನೋ. ಹಾಳೆಯಲ್ಲಿ ಇಲ್ಲ.

ಆಮೇಲೆ ಖಾಲಾ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ. ಹಿರಿಯ ಮಗ ಹೈದರಾಬಾದಿಗೆ ಕರೆದೊಯ್ದ. ಅಲ್ಲಿ ಮಗಳ ಮನೆ ಇತ್ತು, ಆಪರೇಷನ್ ಆಗಿ ಎದ್ದು ಓಡಾಡುವವರೆಗೆ ಅಲ್ಲೇ ಇರಬೇಕೆಂದಾಯಿತು. ಹೇಳುತ್ತಾ ಬಂದದ್ದನ್ನು ಇಲ್ಲಿ ಸ್ವಲ್ಪ ನಿಲ್ಲಿಸಬೇಕು. ಖಾಲಾ ಹೋದದ್ದೂ ನಾನು ಗೂಡಿನಿಂದ ರಾಣಿಯನ್ನು ತೆಗೆದದ್ದೂ ನನ್ನ ನೆನಪಿನಲ್ಲಿ ಒಂದೇ ವಾರದಲ್ಲಿ ನಡೆಯುತ್ತವೆ. ಇಷ್ಟು ಅಚ್ಚುಕಟ್ಟಾಗಿ ಯಾವುದೂ ನಡೆಯುವುದಿಲ್ಲ. ಹಾಳೆಗಳ ಪ್ರಕಾರ ರಾಣಿಯನ್ನು ತೆಗೆಯುವ ಮೊದಲು ಬಹಳ ದಿನ ಗೂಡನ್ನು ಬರೀ ನೋಡಿದ್ದೇನೆ, ಆ ದಿನಗಳಲ್ಲೇ ಎಲ್ಲೋ ಖಾಲಾ ಬಿದ್ದಿರಬೇಕು. ನೆನಪಿಗೆ ಎರಡು ಗೂಡುಗಳನ್ನು ಪಕ್ಕಪಕ್ಕ ಇಡುವ ಆಸೆ. ನಾನು ಬಿಡುತ್ತಿಲ್ಲ, ಆದರೂ ಅದು ಇಡುತ್ತದೆ.

ಮನೆಯನ್ನು ಹಿರಿಯ ಸೊಸೆ ನೋಡಿಕೊಳ್ಳುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು, ಹಿರಿಯ ಸೊಸೆಯೂ. ಆಕೆ ಒಳ್ಳೆಯವಳು, ನಿಧಾನಿ, ಎರಡು ಮಕ್ಕಳ ತಾಯಿ. ಒಂದೆರಡು ದಿನ ಮನೆ ಯಾರದೂ ಅಲ್ಲದಂತೆ ಇತ್ತು. ನಲ್ಲಿ ನೀರು ಬಂದು ಹರಿದುಹೋಯಿತು, ಹಿಡಿದಿಡುವವರಿಲ್ಲ. ಅಂಗಡಿಗೆ ಬುತ್ತಿ ಹೋಗಲಿಲ್ಲ. ಅದಾದ ಮೇಲೆ ಒಂದು ಬೆಳಿಗ್ಗೆ ನಾನು ಬಂದಾಗ ಕಿರಿಯವಳ ದನಿ ಬೀದಿಗೇ ಕೇಳುತ್ತಿತ್ತು.

"ಡ್ರಮ್ಮಿಗೆ ಕೈ ಅದ್ದಿದ್ರ ನೋಡು! ತಂಬಿಗಿ ಅದ ಇಲ್ಲೋ? ಭಾಬಿ, ನಿಮ್ಮ ಹುಡ್ಗುರಿಗೆ ಹೇಳ್ರಿ, ಇಲ್ಲಂದ್ರ ನಾ ಹೇಳ್ತೀನಿ, ಆಮ್ಯಾಲ ಅಳಬ್ಯಾಡ್ರಿ."

ಆವತ್ತಿನಿಂದ ಅದೇ. ಚಪ್ಪಲಿ ಎಲ್ಲಿ ಬಿಡಬೇಕು, ರೊಟ್ಟಿ ಎಷ್ಟು ಬಡಿಯಬೇಕು, ಮಕ್ಕಳು ಯಾವಾಗ ಮಲಗಬೇಕು. ಗಂಡ ಅಂಗಡಿಯಿಂದ ತಡವಾಗಿ ಬಂದರೆ ಆರಿದ ಅನ್ನ. ಹೈದರಾಬಾದಿನಿಂದ ಒಂದು ದಿನದ ಮಟ್ಟಿಗೆ ಬಂದಿದ್ದ ಭಾವನಿಗೂ ಆರಿದ ಅನ್ನವೇ. ಅದನ್ನು ಆತ ಮರೆಯಲಿಲ್ಲ.

ನನಗೆ ಒಮ್ಮೆ ಚಹಾ ಕೊಡುತ್ತಾ ಹೇಳಿದಳು: "ಅಕ್ಕಾ, ಎಲ್ಲಾರೂ ನನ್ನ ಬಾಯಿ ದೊಡ್ಡದಾಗ್ಯದ ಅಂತಾರ. ಯಾರರ ಹೇಳಬೇಕಲ್ಲ? ಯಾರೂ ಹೇಳವಲ್ರು, ಅದಕ್ಕ ನಾ ಹೇಳಾಕತ್ತೀನಿ. ಹೇಳೋದು ನನಗ ಬರಂಗಿಲ್ಲ. ಅದಕ್ಕ ಬೈದಂಗ ಆಗ್ತದ."

ರಾಣಿಯನ್ನು ತೆಗೆದ ದಿನ (ಗುರುವಾರ ಎಂದಿಟ್ಟುಕೊಳ್ಳೋಣ) ಹಿರಿಯ ಸೊಸೆ ಹಸಿರು ಚುಕ್ಕೆಯವಳು ಏಳುತ್ತಾಳೆ ಎಂದಳು. ನಾನೂ ಹಸಿರು ಅಂದುಕೊಂಡಿದ್ದೆ, ಎಲ್ಲರಿಗಿಂತ ಓಡಾಡುವವಳು ಅವಳೇ. ಎದ್ದದ್ದು ಬಿಳಿ ಚುಕ್ಕೆ. ಅದುವರೆಗೆ ನನ್ನ ಹಾಳೆಯಲ್ಲಿ ಬಿಳಿಯ ಹೆಸರಿಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಕಿರಿಯವಳು ಮೊದಲೇ "ಬಿಳಿ" ಎಂದಿದ್ದಳು ಎಂದು ಬರೆಯಲು ಕೈ ತುರಿಸುತ್ತದೆ. ಆಕೆ ಅನ್ನಲಿಲ್ಲ. ಆಕೆ ಅಲ್ಲಿರಲೇ ಇಲ್ಲ, ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಸದ್ದು ಕೇಳುತ್ತಿತ್ತು.

ಬಿಳಿಯೇ ಎಂದು ಖಚಿತವಾಗಲು ಮಧ್ಯಾಹ್ನವೆಲ್ಲ ಕಾದೆ. ಸಂಜೆಗೆ ಡಬ್ಬಿ ತರಲು ಪಶು ಆಸ್ಪತ್ರೆಗೆ ಹೋದೆ. ಮರಳಿ ಬರುವಷ್ಟರಲ್ಲಿ ಪಡಸಾಲೆಯ ತುಂಬ ಹೊಗೆ.

ಗುರುವಾರದ ಲೋಬಾನ ಹಿಂದೆ ಖಾಲಾ ಹಾಕುತ್ತಿದ್ದರು. ಕೆಂಡದ ತಟ್ಟೆ ಹಿಡಿದು ಬಾಗಿಲು, ಕಿಟಕಿ, ಮೂಲೆ ಎಲ್ಲ ಸುತ್ತಿ, ಪಡಸಾಲೆಗೆ ಬಂದಾಗ ಮಾತ್ರ ಗೂಡಿನ ಕಂಬದ ಕಡೆಗೆ ಬೆನ್ನು ಮಾಡಿ, ತಟ್ಟೆಗೆ ಸೆರಗು ಅಡ್ಡ ಹಿಡಿದು ದಾಟುತ್ತಿದ್ದರು. ಕುಟುಕಿಸಿಕೊಳ್ಳುವ ಭಯಕ್ಕೋ ಪಾಪ ಎಂದೋ, ಗೊತ್ತಿಲ್ಲ. ಅದು ಅವರು ನಡೆಯುವ ರೀತಿ, ಅಷ್ಟೇ. ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹಾಗೆ ಹೊಗೆ ತಾಗದೆ ಉಳಿದ ಮೂಲೆಯೆಂದೇ ಅಲ್ಲಿ ಗೂಡು ಅಷ್ಟು ಬೆಳೆದಿತ್ತು. ಹಿಂದಿನ ವಾರ ಕಿರಿಯವಳು ಮೊದಲ ಸಲ ತಟ್ಟೆ ಹಿಡಿದಿದ್ದಳು. ಪಡಸಾಲೆಗೆ ಬರಲೇ ಇಲ್ಲ, ಒಳಗಷ್ಟೇ ಸುತ್ತಿ ಮುಗಿಸಿದಳು. ಈ ವಾರ ಕಂಬದ ಬುಡಕ್ಕೆ ನಿಂತು, ತಟ್ಟೆ ಎತ್ತಿ, ಬೀಸಣಿಗೆಯಿಂದ ಬೀಸಿದ್ದಳು.

ಕಡಜಗಳು ಗೂಡು ಬಿಟ್ಟು ತಗಡಿನ ಕೆಳಗೆಲ್ಲ ಚೆಲ್ಲಾಪಿಲ್ಲಿ. ನಾನು ಏನೋ ಅಂದೆ. ಆಕೆ ನನ್ನ ಕಡೆ ತಿರುಗಿದಳು.

"ಹುಳಕ್ಕ ಹೊಗಿ ಹತ್ತಿದ್ರ ನಾ ಏನ್ ಮಾಡ್ಲಿ? ಮನಿ ನಮ್ಮದೋ ಹುಳದ್ದೋ?"

ಆಮೇಲೆ ತಟ್ಟೆ ಕೆಳಗಿಟ್ಟು ಕಂಬದ ಹತ್ತಿರವೇ ಕೂತುಬಿಟ್ಟಳು. "ಹೋದ ವಾರ ಮೂಲಿ ಬಿಟ್ಟೀದಿ ಅಂದ್ಳು ಭಾಬಿ. ಅಮ್ಮ ಇದ್ರ ಹಿಂಗ ಬಿಡ್ತಿದ್ರೇನು ಅಂದ್ಳು. ಅದಕ್ಕ ಈ ಸಲ ಒಂದು ಮೂಲಿನೂ ಬಿಡಬಾರದಂತ..." ನನ್ನ ಕೈಯ ಡಬ್ಬಿ ನೋಡಿದಳು. "ನಿಮ್ಮ ಕೆಲಸ ಕೆಡಸಿದ್ನೇನಕ್ಕಾ?"

ಕೆಟ್ಟಿತ್ತು. ರಾಯಚೂರಿಗೆ ಫೋನ್ ಮಾಡಿದಾಗ ನಮ್ಮ ಮೇಡಂ ಒಂದೇ ಮಾತು ಹೇಳಿದರು: ಹೊಗೆ ಕುಡಿದ ತಲೆ ನಮಗೆ ಬೇಡ. ಸರಿಯೇ. ಹೊಗೆ ತಾಗಿದ ಕೆಲವೇ ನಿಮಿಷಗಳಲ್ಲಿ ಮಿದುಳಿನ ಕೋಶಗಳಲ್ಲಿ ಗಾಬರಿಗೆ ಸಂಬಂಧಿಸಿದ ಜೀನ್‌ಗಳು ಎದ್ದು ಕೂರುತ್ತವೆ. ಅದರ ಕೆಳಗೆ ರಾಣಿಯಾಗಲು ಹೊರಟವಳ ಬದಲಾವಣೆ ಯಾವುದು, ಬರೀ ಹೆದರಿದವಳದು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಹತ್ತಿರದ ನೀರಮಾನ್ವಿಯಲ್ಲಿ ಬೇರೆ ಗೂಡು ಹುಡುಕಿಕೊಂಡೆವು, ಅಲ್ಲಿ ಕೆಲಸ ಆಯಿತು. ಬಿಳಿ ಚುಕ್ಕೆಯವಳು ಹಾಗೆ ಬದುಕಿಕೊಂಡಳು. ಮರುದಿನ ಬೆಳಿಗ್ಗೆಗೆ ಹೆಚ್ಚಿನವರು ಗೂಡಿಗೆ ಮರಳಿದ್ದರು, ಅವಳೂ. ನೀರಮಾನ್ವಿಯಿಂದ ಬೇಗ ಬಿಡುವಾದ ದಿನ ಬಂದು ನೋಡುತ್ತಿದ್ದೆ. ಯಾವ ಯೋಜನೆಗೂ ಅಲ್ಲ. ಕೆಲವು ದಿನ ಕಚ್ಚಿದಳು, ಆಮೇಲೆ ಕಡಿಮೆಯಾಯಿತು, ಆಮೇಲೆ ಮೂಲೆಯಲ್ಲಿ ಸುಮ್ಮನೆ ಕೂರತೊಡಗಿದಳು.

ಕಿರಿಯವಳು ಸುಮ್ಮನಾಗಲಿಲ್ಲ. ಹಿರಿಯ ಮಗ ಹೈದರಾಬಾದಿನಿಂದ ಮತ್ತೆ ಬಂದ ದಿನ ನಾನು ಪಡಸಾಲೆಯಲ್ಲೇ ಇದ್ದೆ. ಕಟ್ಟೆಯ ಮೇಲೆ ಕೂತು, ಕಾಲು ಅಲ್ಲಾಡಿಸುತ್ತಾ, ತಮ್ಮನಿಗೆ ಹೇಳಿದ. ನಾನು ಕೇಳಲಿ ಎಂದೇ ಕನ್ನಡದಲ್ಲಿ ಹೇಳಿದನೋ, ಅಥವಾ ಅವರ ಮನೆಮಾತಾದ ದಖನಿ ಉರ್ದುವಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ನೆನಪಿಟ್ಟಿದ್ದೇನೋ.

"ಅಮ್ಮ ಎದ್ದು ಓಡಾಡೋತನ ನಿನ್ನ ಹೆಂಡ್ತಿ ದೇವದುರ್ಗದಾಗ ಇರ್ಲಿ. ನಾಳೆ ಬಿಟ್ಟು ಬಾ. ಮನಿ ಶಾಂತ ಇರ್ಲಿ."

ತಮ್ಮ ತನ್ನ ಕಾಲ ಬೆರಳು ನೋಡಿಕೊಂಡ.

ಬಿಟ್ಟು ಬರುವುದೆಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಿಡುವ ದಿನ ಹೇಳುತ್ತಾರೆ, ಕರೆಯುವ ದಿನ ಹೇಳುವುದಿಲ್ಲ. ದೇವದುರ್ಗದಲ್ಲಿ ಆಕೆಯ ತಾಯಿ ಒಬ್ಬಳೇ ತರಕಾರಿ ಮಾರಿ ಮನೆ ನಡೆಸುತ್ತಿದ್ದಳು, ಇನ್ನೂ ಇಬ್ಬರು ಹುಡುಗಿಯರ ಮದುವೆ ಇತ್ತು. ಅಕ್ಕ ಗಂಡನ ಮನೆಯಿಂದ ಬಂದು ಕೂತಿದ್ದಾಳೆ ಎಂದರೆ ಆ ಮನೆಗೆ ಯಾರು ಹೆಣ್ಣು ಕೇಳಿ ಬರುತ್ತಾರೆ? ಬಾಗಿಲ ಹಿಂದೆ ಕಿರಿಯವಳ ಬಳೆ ಸದ್ದು ಒಮ್ಮೆ ಆಗಿ ನಿಂತಿತು.

ಹಿರಿಯ ಮಗ ನನ್ನ ಕಡೆ ತಿರುಗಿದ, ವಾತಾವರಣ ತಿಳಿ ಮಾಡಲು. "ಏನ್ರಿ ಮೇಡಂ, ಏನಂತಾವ ನಿಮ್ಮ ಹುಳ?"

"ಆ ಬಿಳಿ ಚುಕ್ಕಿ ನೋಡ್ರಿ ಭಾಯ್. ರಾಣಿ ಹೋದಮ್ಯಾಲ ಎಲ್ಲಾರಿಗೂ ಕಚ್ತಿದ್ಳು. ಹೊಸದಾಗಿ ಗೂಡಿನ ಭಾರ ತಲಿಮ್ಯಾಲ ಬಿದ್ದಾಗ ಹಂಗ ಆಗ್ತದ. ಆಮ್ಯಾಲ ತಾನೇ ತಣ್ಣಗ ಆಗ್ತಾರ. ಸ್ವಲ್ಪ ದಿನ ಬಿಟ್ರ..."

ಆತನಿಗೆ ಅರ್ಥವಾಯಿತು. ಸಿಟ್ಟಾಗಲಿಲ್ಲ. "ನಮ್ಮನಿ ಹೆಣ್ಮಕ್ಕಳು ಹುಳ ಅಲ್ರಿ ಮೇಡಂ," ಎಂದ, ಮೆಲ್ಲಗೆ.

ಆತ ಹೇಳಿದ್ದು ಸರಿಯೇ. ಕಡಜದ ತಲೆಯಲ್ಲಿ ನಡೆಯುವುದನ್ನು ಹೆಂಗಸಿನ ತಲೆಗೆ ಹೊಂದಿಸಲು ನನ್ನ ಓದು ಅನುಮತಿ ಕೊಡುವುದಿಲ್ಲ. ನಾನು ಹೇಳಬೇಕಾದದ್ದು ಬೇರೆ ಇತ್ತು: ನೀವು ಯಾರೂ ಮಾಡದ ಕೆಲಸ ಆಕೆ ಮಾಡುತ್ತಿದ್ದಾಳೆ ಎಂದು. ಹುಳದ ಮೂಲಕ ಹೇಳಲು ಹೋದೆ, ಏಕೆಂದರೆ ಆ ಮನೆಯಲ್ಲಿ ನನಗೆ ಮಾತಾಡಲು ಪರವಾನಗಿ ಇದ್ದದ್ದು ಹುಳದ ಬಗ್ಗೆ ಮಾತ್ರ.

ಮರುದಿನ ಮಾನ್ವಿಯಿಂದ ದೇವದುರ್ಗದ ಬಸ್ಸಿನಲ್ಲಿ ನಾನೂ ಇದ್ದೆ, ಅವ್ವನನ್ನು ನೋಡಲು ಹೊರಟಿದ್ದೆ. ಕಿರಿಯವಳ ಗಂಡ ಮುಂದೆ ನಿಂತಿದ್ದ, ಕಂಬ ಹಿಡಿದು. ಆಕೆ ಕಿಟಕಿಯ ಹತ್ತಿರ, ನಾನು ಪಕ್ಕ. ಹೊರಗೆ ಹತ್ತಿ ಬಿಡಿಸುವ ಹೆಂಗಸರು ಸಾಲಾಗಿ ಬಗ್ಗಿದ್ದರು.

"ಅಕ್ಕಾ, ಆ ಬಿಳಿ ಚುಕ್ಕಿಯಾಕಿ ಸುಮ್ನಾಗ್ಯಾಳ ಅಂದ್ರಿ ನಿನ್ನೆ. ಯಾಕ ಸುಮ್ನಾದ್ಳು?"

"ಈಗ ಎಲ್ಲಾರೂ ಆಕಿ ಮಾತು ಕೇಳ್ತಾರ. ಕಚ್ಚೋದು ಬೇಕಾಗಿಲ್ಲ."

ಆಕೆ ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ಯಾರೂ ಕೇಳವಲ್ರು ಅಂತ ಬ್ಯಾಸತ್ತು ಸುಮ್ನಾಗಿರಬೇಕು. ನಿಮಗ ಹೆಂಗ ಗೊತ್ತು?"

ನನಗೆ ಗೊತ್ತಿರಲಿಲ್ಲ. ಮೂಲೆಯಲ್ಲಿ ಕೂತ ರಾಣಿಯೂ ಮೂಲೆಗೆ ಸರಿಸಲ್ಪಟ್ಟವಳೂ ಹೊರಗಿನಿಂದ ಒಂದೇ. ಮೊಟ್ಟೆ ಇಟ್ಟರೆ ತಿಳಿಯುತ್ತಿತ್ತು, ನಾನು ನೋಡುವಾಗ ಅವಳು ಇಡಲಿಲ್ಲ. "ಆಕಿ ತಲಿ ನೋಡಿದ್ರ ಗೊತ್ತಾಗ್ತಿತ್ತು," ಎಂದೆ.

"ನೋಡಬ್ಯಾಡ್ರಿ, ಬಿಡ್ರಿ. ಇರ್ಲಿ ಪಾಪ," ಎಂದು ನಕ್ಕಳು. ಆ ದಿನಗಳಲ್ಲಿ ಆಕೆ ನಕ್ಕದ್ದು ಅದೊಂದೇ ಸಲ ನನಗೆ ನೆನಪಿರುವುದು.

ಆ ಗೂಡು ಹೆಚ್ಚು ದಿನ ಉಳಿಯಲಿಲ್ಲ. ಕಡಜಗಳು ಒಂದೊಂದಾಗಿ ಬಿಟ್ಟು ಹೋದವು, ಬಿಳಿ ಹೋದ ದಿನ ನಾನಿರಲಿಲ್ಲ. ಖಾಲಾ ಊರುಗೋಲು ಹಿಡಿದು ಮಾನ್ವಿಗೆ ಬಂದರೆಂದೂ ಕಿರಿಯ ಸೊಸೆಯನ್ನು ಕರೆಸಿಕೊಂಡರೆಂದೂ ಫೋನಿನಲ್ಲಿ ತಿಳಿಯಿತು. ಒಂದು ದಿನ ಹೋದೆ. ಕಿರಿಯವಳನ್ನು ಕರೆಸಿದ್ದು ತಾನೇ ಎಂದರು ಖಾಲಾ. ಅವರು ನಮಾಜಿಗೆ ಎದ್ದಾಗ ಹಿರಿಯ ಸೊಸೆ ನನ್ನ ಕಿವಿಯಲ್ಲಿ, "ನಾ ಹೇಳಿದ್ನಿರಿ ಕರಸ್ರಿ ಅಂತ. ಮನಿ ನನಗ ಒಬ್ಬಾಕಿಗೆ ತೂಗವಲ್ದು. ಆಕಿ ಇಲ್ಲಂದ್ರ ನೀರೂ ಹಿಡಿಯೋರಿಲ್ಲ," ಎಂದಳು. ಎರಡೂ ನಿಜವಿರಬಹುದು.

ಕಿರಿಯವಳು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ, "ಬರ್ರಿ ಅಕ್ಕಾ," ಎಂದಳು, ಅಷ್ಟೇ. ಮಕ್ಕಳು ಸದ್ದಿಲ್ಲದೆ ಓಡಾಡುತ್ತಿದ್ದವು. ಬಾಗಿಲಲ್ಲಿ ಚಪ್ಪಲಿ ಸಾಲಾಗಿದ್ದವು, ಆಕೆ ಹೇಳಿದ್ದ ರೀತಿಯಲ್ಲೇ. "ಈಗ ಚಲೋ ಆಗ್ಯಾಳ, ದನಿ ಎತ್ತಂಗಿಲ್ಲ," ಎಂದರು ಖಾಲಾ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಸೊಸೆ ಇನ್ನೊಬ್ಬಳನ್ನು ಅಕ್ಕಿ ಎಷ್ಟು ಹಾಕಲಿ ಎಂದು ದಖನಿಯಲ್ಲಿ ಕೇಳಿದಳು, ಕೇಳಿಸಿಕೊಂಡವಳು ಬಾಯಿ ತೆರೆಯದೆ ಕೈ ಸನ್ನೆಯಲ್ಲಿ ಅಳತೆ ತೋರಿಸಿದಳು. ಇದು ಸ್ಪಷ್ಟವಾಗಿ ನೆನಪಿದೆ. ಆದರೆ ಕೇಳಿದವಳು ಯಾರು, ತೋರಿಸಿದವಳು ಯಾರು ಎಂಬುದು ನೆನೆದಷ್ಟು ಸಲವೂ ಅದಲುಬದಲಾಗುತ್ತದೆ. ಒಮ್ಮೆ ಹಿರಿಯವಳು ಕೇಳುತ್ತಾಳೆ, ಒಮ್ಮೆ ಕಿರಿಯವಳು.

ಕಿರಿಯವಳನ್ನೇ ನೇರ ಕೇಳಬಹುದಿತ್ತು. ಸುತ್ತ ಎಲ್ಲರೂ ಇದ್ದರು, ಚಹಾ ಬಂತು, ಬಸ್ಸಿನ ಹೊತ್ತಾಯಿತು. ಆಮೇಲೆ ಯೋಜನೆ ಮುಗಿಯಿತು. ಮಾನ್ವಿಗೆ ನಾನು ಮತ್ತೆ ಹೋಗಿಲ್ಲ, ಆಕೆಯ ನಂಬರ್ ನನ್ನ ಹತ್ತಿರ ಇರಲಿಲ್ಲ, ಮನೆಯ ಫೋನನ್ನು ಎತ್ತುವವರು ಖಾಲಾ. ದೇವದುರ್ಗದಲ್ಲಿ ಆಕೆಯ ತಂಗಿಯ ಮದುವೆ ಆಯಿತೆಂದು ಅವ್ವ ಹೇಳಿದಳು. ಮಾನ್ವಿಯಲ್ಲಿ ಆ ಮನೆ ಈಗ ಆಕೆಯ ಮಾತು ಕೇಳುತ್ತದೆಯೋ, ಅಥವಾ ಮತ್ತೆ ತವರಿಗೆ ಬಿಟ್ಟು ಬರುತ್ತಾರೆಂದು ಹೆದರಿ ಆಕೆ ಬಾಯಿ ಮುಚ್ಚಿಕೊಂಡಿದ್ದಾಳೋ, ನನಗೆ ಗೊತ್ತಿಲ್ಲ.